ತವರಿನಲ್ಲಿ ಹಾಕಿಸಿದೆ

ಜೂನ್ 30, ಸೋಮವಾರ. ಸಂಜೆ 6

ಮತ್ತೆ ಪೋರ್ಟಲ್. ನಾಳೆ ಕೋಲಾರದಲ್ಲಿ ರಿವ್ಯೂ ಮೀಟಿಂಗ್. ನನ್ನ ಆರೋಗ್ಯ ಉಪಕೇಂದ್ರದ ಪಟ್ಟಿಯಲ್ಲಿ ಒಂಬತ್ತು ಮಕ್ಕಳು ಕೆಂಪು — ಲಸಿಕೆ ಬಾಕಿ. ಒಂಬತ್ತೂ ಬಾಣಂತಿಯರ ಜೊತೆ ತವರಿನಲ್ಲಿವೆ. ಐದು ತಿಂಗಳು ತುಂಬದೆ ಯಾರು ಕಳಿಸುತ್ತಾರೆ? ಪೋರ್ಟಲ್ ಮಾಡಿದವರ ಹೆಂಡತಿಯರೂ ಬಾಣಂತನಕ್ಕೆ ಹೋಗಿದ್ದವರೇ. ಆದರೂ ಅವರಿಗೆ ಗೊತ್ತಿಲ್ಲ.

ಹೋದ ತಿಂಗಳು ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದ್ದರು. ಇಪ್ಪತ್ತೆರಡು ವರ್ಷದ ಸರ್ವಿಸ್... ನಿಂತೆ.

ಎಂಟು ಮನೆಗೆ ಫೋನ್ ಮಾಡಿದೆ. ಹಾಕಿಸಿದ್ದಾರೆ. ಗಂಗಾಲಕ್ಷ್ಮಿ ಮಾತ್ರ ಸಿಗಲಿಲ್ಲ. ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿ ದಾಟಿ. ಅಲ್ಲೂ ನನ್ನಂಥ ಒಬ್ಬ ಸಿಸ್ಟರ್ ಇರುತ್ತಾಳಲ್ಲ, ಹಾಕಿರುತ್ತಾಳೆ. 'ತವರಿನಲ್ಲಿ ಹಾಕಿಸಿದೆ' — ಮೂರು ಡೋಸಿಗೂ ಟಿಕ್ ಹೊಡೆದೆ. ಒಂಬತ್ತೂ ಹಸಿರು.

ಜುಲೈ 1

ನೂರಕ್ಕೆ ನೂರು. ಚಪ್ಪಾಳೆ ಹೊಡೆದರು. ಬೋಂಡ ಕೊಟ್ಟರು, ತಿಂದೆ.

ಜುಲೈ 24, ಗುರುವಾರ

ಲಸಿಕೆ ದಿನ. ನಲವತ್ತು ಮಕ್ಕಳು, ಒಂದೇ ಫ್ಯಾನು. ಮಧ್ಯಾಹ್ನ ಗಂಗಾಲಕ್ಷ್ಮಿ ಮಗು ಎತ್ತಿಕೊಂಡು ಬಂದಳು. ತವರಿನಿಂದ ಬಂದು ನಾಲ್ಕು ದಿನವಂತೆ. ಹೆಣ್ಣು ಮಗು, ಗುಂಡಗಿದೆ. ಕಾರ್ಡು ಅಲ್ಲೇ ಬಿಟ್ಟು ಬಂದಿದ್ದಾಳೆ. ಮೊಬೈಲ್ ನೋಡಿದೆ, ಹಸಿರು. ಎಲ್ಲ ಆಗಿದೆ, ಒಂಬತ್ತು ತಿಂಗಳಿಗೆ ಬಾ ಅಂದೆ.

"ಇಲ್ಲ ಮೇಡಂ, ಆ ಸಿಸ್ಟರಮ್ಮ ನಿಮ್ಮೂರಲ್ಲೇ ಹಾಕಿಸ್ಕೊ ಅಂದ್ರು."

"ಕಂಪ್ಯೂಟರು ಸುಳ್ಳು ಹೇಳುತ್ತೇನಮ್ಮ?"

ಕ್ಯೂನಲ್ಲಿದ್ದವರು ನಕ್ಕರು. ಅವಳು ಹೋದಳು.

ಟಿಕ್ ಹೊಡೆದವಳು ನಾನೇ ಎಂಬುದು ಆಗ ಹೊಳೆಯಲಿಲ್ಲ. ಈಗ ಹೊಳೆಯಿತು. ಕರೆಸಬೇಕು. ಆದರೆ ಆ ಎಂಟ್ರಿ ತೆಗೆಸಲು ಆಫೀಸಿಗೆ ಬರೆದುಕೊಡಬೇಕು. ಕಾರಣ ಏನೆಂದು ಬರೆಯಲಿ? ನೋಡೋಣ...

ಆಗಸ್ಟ್ 19, ಮಂಗಳವಾರ

ಆಶಾ ಕಾರ್ಯಕರ್ತೆ ಶಾಮಲಮ್ಮ ಹೇಳಿದಳು. ಗಂಗಾಲಕ್ಷ್ಮಿಯ ಮಗುವಿಗೆ ಹತ್ತು ದಿನದಿಂದ ಕೆಮ್ಮು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತದಂತೆ. ಮೊನ್ನೆ ಕೋಲಾರದಲ್ಲಿ ಅಡ್ಮಿಟ್ ಮಾಡಿದ್ದಾರೆ.

ನೀನು ಅವರ ಮನೆಗೆ ಹೋಗಲೇ ಇಲ್ಲವಾ ಎಂದು ರೇಗಿದೆ. ಬಾಕಿ ಪಟ್ಟಿಯಲ್ಲಿ ಹೆಸರಿರಲಿಲ್ಲ ಮೇಡಂ ಅಂದಳು. ಇರಲಿಲ್ಲ, ನಿಜ.

ನಾಯಿಕೆಮ್ಮು. ಇಲ್ಲಿಂದಲೇ ಹೇಳಬಲ್ಲೆ. ಅಲ್ಲಿ ಡಾಕ್ಟರು ಪೋರ್ಟಲ್ ನೋಡಿ, ಮೂರೂ ಡೋಸ್ ಆಗಿದೆ, ಅದಾಗಿರಲಿಕ್ಕಿಲ್ಲ ಎಂದರಂತೆ. ಬೇರೆ ಏನೋ ಕೊಡುತ್ತಿದ್ದಾರೆ. ಥೂ ನನ್ನ ಜನ್ಮಕ್ಕೆ.

ಆಗಸ್ಟ್ 20. ಮಧ್ಯಾಹ್ನ, ಆಸ್ಪತ್ರೆ

ಮೊದಲ ಬಸ್ಸಿಗೆ ಬಂದೆ. ಡಾಕ್ಟರಿಗೆ ಹೇಳಿದೆ — ಒಂದು ಡೋಸೂ ಆಗಿಲ್ಲ, ಎಂಟ್ರಿ ಸುಳ್ಳು, ಮಾಡಿದ್ದು ನಾನು. ಬೈಯಲಿಲ್ಲ. ಔಷಧಿ ಬದಲಿಸಿದರು. ಮಗು ಆಕ್ಸಿಜನ್‌ನಲ್ಲಿದೆ. ಎರಡು ದಿನ ಕಳೆಯಲಿ, ಏನೂ ಹೇಳಲಾರೆ ಎಂದರು.

ಗಂಗಾಲಕ್ಷ್ಮಿ ಪಕ್ಕದಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು. ಹೊಡೆದರೂ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಹಂಗಾದ್ರೆ ಇವಾಗ್ಲೇ ಹಾಕ್ಬಿಡಿ ಮೇಡಂ."

ಈಗ ಹಾಕಿದರೆ ಈ ಕೆಮ್ಮಿಗೆ ಏನೂ ಆಗುವುದಿಲ್ಲ ಎಂದು ಹೇಳಬೇಕಾಯಿತು. ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಸೆರಗು ಸರಿಸಿ, ಮಗುವಿನ ತೊಡೆ ಒರೆಸಿ, ನನ್ನ ಕಡೆ ತಿರುಗಿಸಿ ಹಿಡಿದಳು.