ಹಕ್ಕಿಗೆ ಗೊತ್ತಾಗುತ್ತಾ

ಅಪ್ಪಾ,

ಇವತ್ತು ಕ್ಲಾಸಿನಲ್ಲಿ ಹೆದರಿಬಿಟ್ಟೆ. ನಗಬೇಡಿ, ನೀವು ಮೇಷ್ಟರಾಗಿದ್ದಾಗ ಇಂಥದ್ದೆಲ್ಲ ಇರಲಿಲ್ಲ.

ಈಗ ನಮ್ಮ ಗೋಡೆಯ ಮೇಲೆ ದೊಡ್ಡ ಪರದೆ ಇದೆ. ಅದರಲ್ಲಿ ಪ್ರತಿ ಮಗುವಿಗೂ ಒಂದೊಂದು ಹಕ್ಕಿ. ಉತ್ತರ ತಪ್ಪಾದರೂ ಸರಿ, ಮಗು ಬಿಡದೆ ಪ್ರಯತ್ನಪಟ್ಟರೆ ನಾನು ಫೋನಿನಲ್ಲಿ ಒಂದು ಗುಂಡಿ ಒತ್ತುತ್ತೇನೆ. ಟಿಂಗ್ ಅಂತ ಹಕ್ಕಿಗೊಂದು ಗರಿ ಮೂಡುತ್ತದೆ. ಎಲ್ಲರೂ ಇಲಿಮರಿ ಅಂತ ಕರೆಯುವ, ಬಾಯಿಯೇ ಬಿಡದ ಹುಡುಗಿ ಕೂಡ ಆ ಗರಿಯ ಆಸೆಗೆ ಬೋರ್ಡಿನ ತನಕ ಬರಲು ಕಲಿತಳು.

ಇವತ್ತು ಅವಳು ಭಾಗಾಕಾರ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಉಳಿದವರು ಎತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಅವಳು ಮಾತ್ರ ಅಳಿಸಿದಳು, ಬರೆದಳು, ಮತ್ತೆ ಅಳಿಸಿದಳು, ಕೊನೆಗೆ ಸರಿಮಾಡಿದಳು.

"ಭೇಷ್ ಪುಟ್ಟಿ" ಅಂದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ಕಪ್ಪಗಾದ ಪರದೆಯನ್ನೇ ನೋಡುತ್ತಿದ್ದಳು.

"ಮಿಸ್, ಗೊತ್ತಾಗುತ್ತಾ?"

"ನನಗೆ ಗೊತ್ತಾಯ್ತಲ್ಲ."

"ನಿಮಗಲ್ಲ ಮಿಸ್, ಹಕ್ಕಿಗೆ."

ಈ ಮಕ್ಕಳನ್ನು ಎಲ್ಲಿಗೆ ತಂದು ನಿಲ್ಲಿಸಿದೆ ಅಂತ ಹೆದರಿದ್ದು ಆಗಲೇ.

ನಾನು ಚಿಕ್ಕವಳಿದ್ದಾಗ ಲೆಕ್ಕ ಮಾಡುತ್ತಿದ್ದರೆ ನೀವು ಬಾಗಿಲಲ್ಲಿ ನಿಂತು ನೋಡುತ್ತಿದ್ದಿರಿ. ಸರಿಯಾದರೂ ಏನೂ ಹೇಳದೆ ಹೋಗುತ್ತಿದ್ದಿರಿ.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕರೆಂಟ್ ಬಂತು. ಇಲಿಮರಿಯ ಹಕ್ಕಿಗೆ ಗರಿ ಹಾಕಿದೆ. ಖಾಲಿ ಕೋಣೆಯಲ್ಲಿ ಟಿಂಗ್ ಅಂತು. ನನಗೇ ತಿಳಿಯದ ಹಾಗೆ ತಿರುಗಿ ಬಾಗಿಲ ಕಡೆ ನೋಡಿದೆ, ಅಪ್ಪಾ.