ಅಂಚೆಮನೆಯ ಮಗಳಿಗೆ

ಮೇಗಲಬೀಡು, ಗುಂಡ್ಲುಪೇಟೆ ತಾಲ್ಲೂಕು
೧೭ ನವೆಂಬರ್ ೨೦೨೪

ಪ್ರೀತಿಯ ತಂಗಿ ರಂಜನಿಗೆ,

ನಿನ್ನ ಅಣ್ಣ ಮೃತ್ಯುಂಜಯನ ಆಶೀರ್ವಾದಗಳು. ಹೇಗಿದ್ದೀಯಮ್ಮ? ಬಿಸಿಲಲ್ಲಿ ಓಡಾಡಿದರೆ ಬರುತ್ತಿದ್ದ ಆ ಅರೆತಲೆನೋವು ಈಗಲೂ ಕಾಡುತ್ತದೆಯೇ? ಚಾಮರಾಜನಗರದ ಬಿಸಿಲು ನಮ್ಮ ಬೆಟ್ಟದ ಕಡೆಯ ಬಿಸಿಲಿನಂತಲ್ಲ, ಕೊಡೆ ಇಲ್ಲದೆ ಹೊರಗೆ ಹೋಗಬೇಡ. ನಿಮ್ಮ ಯಜಮಾನರು ಶಶಿಕುಮಾರ್ ಆರೋಗ್ಯವಾಗಿದ್ದಾರೆಂದು ತಿಳಿದಿದ್ದೇನೆ. ಮಗಳು ನಾಲ್ಕನೇ ಕ್ಲಾಸಂತೆ, ಲೆಕ್ಕದಲ್ಲಿ ನಿನ್ನ ಹಾಗೇ ಚುರುಕಂತೆ. ಈ ‘ಅಂತೆ’ಗಳನ್ನೆಲ್ಲ ತಂದವನು ನಮ್ಮ ಪೋಸ್ಟ್‌ಮ್ಯಾನ್ ಮುಜೀಬ್. ಸೋದರಮಾವನಾದವನು ಸೊಸೆಯ ಮುಖವನ್ನೇ ನೋಡಿಲ್ಲ. ಅದು ನಿನ್ನ ತಪ್ಪಲ್ಲ.

ಅಪ್ಪ ಮಂಗಳವಾರ ಬೆಳಿಗ್ಗೆ ಶಿವೈಕ್ಯರಾದ ಸುದ್ದಿಯನ್ನು ಮುಜೀಬ್ ಶಶಿಕುಮಾರರಿಗೆ ಫೋನಿನಲ್ಲಿ ಹೇಳಿದ್ದಾನೆ. ನನ್ನ ನಂಬರು ನಿನ್ನ ಫೋನಿನಲ್ಲಿ ಬಡಿದುಕೊಳ್ಳುವುದಿಲ್ಲವಲ್ಲ, ಅದಕ್ಕೇ ಅವನ ಕೈಲಿ ಮಾಡಿಸಿದೆ. ಸಂಜೆ ನಾಲ್ಕರವರೆಗೆ ಕಾದೆವು. ಗುಂಡ್ಲುಪೇಟೆ ಕಡೆಯಿಂದ ಎರಡು ಬಸ್ಸು ಬಂದವು, ಎರಡಕ್ಕೂ ಅವ್ವ ಎದ್ದು ನಿಂತಳು. ಆಮೇಲೆ ಜಂಗಮರು ಇನ್ನು ತಡ ಮಾಡುವುದು ಬೇಡ ಎಂದರು. ಹೊಲದ ಮೂಲೆಯಲ್ಲಿ ತಾತನ ಸಮಾಧಿಯ ಪಕ್ಕದಲ್ಲೇ ಅಪ್ಪನನ್ನು ಕೂರಿಸಿ ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದೆವು. ಮಗಳು ಹಾಕಬೇಕಾದ ಹಿಡಿಮಣ್ಣನ್ನು ಚಿಕ್ಕಮ್ಮ ಪುಟ್ಟಸಿದ್ದಮ್ಮ ಹಾಕಿದರು. ಅದನ್ನು ನೋಡುವುದಕ್ಕೆ ನನ್ನಿಂದ ಆಗಲಿಲ್ಲ.

ಬರುವ ಶುಕ್ರವಾರ, ಇಪ್ಪತ್ತೆರಡಕ್ಕೆ ಹನ್ನೊಂದನೇ ದಿನದ ಶಿವಗಣಾರಾಧನೆ. ಅವತ್ತಾದರೂ ನೀನು ಬರಬೇಕು. ಇದನ್ನು ಕೇಳುವುದಕ್ಕೇ ಬರೆಯುತ್ತಿದ್ದೇನೆ. ಸೋಮವಾರದ ಚೀಲದಲ್ಲಿ ಹೋದರೆ ಬುಧವಾರ ನಿನ್ನ ಕೈ ಸೇರುತ್ತದೆ. ರಿಜಿಸ್ಟರ್ ಮಾಡಿದ್ದೇನೆ, ಸಹಿ ಹಾಕಿ ತೆಗೆದುಕೋ. ಬೇಡವೆಂದರೆ ಬೇಡ ಎನ್ನಬಹುದು, ಅದು ನಿನ್ನ ಹಕ್ಕು. ಅಂಚೆಮನೆಯಲ್ಲಿ ಹುಟ್ಟಿದ ನಿನಗೆ ಕಾನೂನು ಹೇಳುವ ದಡ್ಡ ನಾನು.

ಮನೆ ತುಂಬ ಜನರಿದ್ದರೂ ನನಗೆ ಹಳೆಯದೇ ನೆನಪಾಗುತ್ತಿದೆ. ನೀನು ಹೈಸ್ಕೂಲಿನಲ್ಲಿದ್ದಾಗ ಗುಂಡ್ಲುಪೇಟೆಯ ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಅಪ್ಪನಿಗೆ ಓದಿ ಹೇಳಿದ್ದೆ. ಇನ್ನೂರೈವತ್ತು ವರ್ಷದ ಹಿಂದೆ ಜರ್ಮನಿಯಲ್ಲಿದ್ದ ಒಬ್ಬ ಪ್ರಭುವಿನ ಕಥೆ. ಚಕ್ರವರ್ತಿಯ ರಾಜ್ಯದ ಅಂಚೆಯೆಲ್ಲ ಅವನ ಮನೆತನದ್ದು, ಅಪ್ಪನಿಂದ ಮಗನಿಗೆ ಬಂದದ್ದು. ಕೊಂಬೂದುವ ಸವಾರರು, ಲಾಯದ ತುಂಬ ಕುದುರೆ, ಇರುವುದಕ್ಕೆ ಅರಮನೆ. ಅಪ್ಪ ಜಗಲಿಯ ಮೇಲೆ ಮೊಹರು ಒತ್ತುತ್ತಾ ಕೇಳಿಸಿಕೊಂಡು, “ನಮ್ದೂ ಅಂಗೇ ಕಣಮ್ಮಿ, ನಮ್ಮಪ್ಪ ಆಯ್ತು, ನಾನಾಯ್ತು. ಕುದ್ರೆ ಒಂದಿಲ್ಲ ಅಷ್ಟೇಯ” ಅಂದಿದ್ದರು. ನೀನು ಸುಮ್ಮನಿರುವವಳೇ? ಅವರ ಮನೆಯ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು ಎಂದು ಕೇಳಿದೆ. ಮುಂದಿನ ವಾರ ಅದಕ್ಕೆ ಉತ್ತರವನ್ನೂ ನೀನೇ ಹುಡುಕಿ ತಂದೆ. ಆ ಪ್ರಭುವಿಗಿಂತ ನೂರು ವರ್ಷ ಮೊದಲೇ ಅದೇ ಮನೆಯ ಒಬ್ಬ ವಿಧವೆ ಎಷ್ಟೋ ವರ್ಷ ಅಂಚೆಯನ್ನು ನಡೆಸಿದ್ದಳಂತೆ. ಅಪ್ಪ ನಕ್ಕು, “ಸರಿ ಬುಡು, ನನ್ ಆದ್ಮೇಲೆ ನೀನೇ ಕೂತ್ಕೊ” ಅಂದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ನಿನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಗಂಡುಮಗ. ಆ ಮಾತು ನನಗೆ ಹಿಡಿಸಲಿಲ್ಲ ಎಂದು ಇವತ್ತು ಹೇಳಿದರೆ ನಗಬೇಡ.

ಆ ಪ್ರಭುವಿನ ಕಡೆಗಾಲದ ಕಥೆಯನ್ನೂ ನೀನು ಓದಿದ್ದೆ. ಯುದ್ಧ ಬಂದು, ಗಡಿಗಳು ಬದಲಾಗಿ, ಅವನ ಅಂಚೆಯ ಸೀಮೆ ಒಂದೊಂದೇ ತುಂಡಾಗಿ ಕೈಬಿಟ್ಟಿತಂತೆ. ಅಪ್ಪನಿಗೆ ಅದು ತುಂಬ ನಾಟಿತ್ತು. ಈಚೆಗೆ ನಮ್ಮ ಚೀಲದಲ್ಲಿ ಆಧಾರ್ ಕಾರ್ಡು, ಬ್ಯಾಂಕಿನ ನೋಟೀಸು ಬಿಟ್ಟರೆ ಏನಿರುತ್ತದೆ? ಆದರೂ ಅಪ್ಪ ದಿನಾ ಚೀಲ ಬರುವ ಹೊತ್ತಿಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಜಗಲಿಗೆ ಬಂದು ಕೂರುತ್ತಿದ್ದರು. ನಾನು ಚೀಲ ಬಿಚ್ಚಿದರೆ ಒಂದೇ ಮಾತು: “ರಂಜಿದೇನಾರ ಬಂದದಾ ನೋಡ್ಲಾ.” ಹದಿಮೂರು ವರ್ಷ, ದಿನವೂ. ಇಲ್ಲ ಎಂದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ನೀನು ಯಾಕೆ ಬರೆಯಲಿಲ್ಲ ಎಂದು ಕೇಳುವ ಮುಖ ನನಗಿಲ್ಲ. ಅಪ್ಪ ನಿವೃತ್ತರಾಗುವ ವರ್ಷ ಅವರ ಪೋಸ್ಟ್‌ಮಾಸ್ಟರ್ ಜಾಗಕ್ಕೆ ಅರ್ಜಿ ಕರೆದರು. ಇಬ್ಬರೂ ಹಾಕಿದೆವು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಆಯ್ಕೆ. ನಿನ್ನದು ಐನೂರ ನಲವತ್ತು ದಾಟಿತ್ತು, ನನ್ನದು ನಾನೂರನ್ನೂ ಮುಟ್ಟಿರಲಿಲ್ಲ. ಮೂಲ ದಾಖಲೆ ತರಬೇಕೆಂದು ನಿನ್ನ ಹೆಸರಿಗೆ ರಿಜಿಸ್ಟರ್ ಕಾಗದ ಬಂದಾಗ ನೀನು ಚಿಕ್ಕಮ್ಮನ ಮಗಳ ಬಾಣಂತನಕ್ಕೆ ನೆರವಾಗಲೆಂದು ಅವರ ಮನೆಯಲ್ಲಿದ್ದೆ. ಅದು ನಮ್ಮ ಮನೆಯ ಜಗಲಿಯಿಂದಲೇ ‘ವಿಳಾಸದಾರರು ಊರು ಬಿಟ್ಟಿದ್ದಾರೆ’ ಎಂಬ ಷರಾದೊಂದಿಗೆ ಹಿಂದಕ್ಕೆ ಹೋಯಿತು. ಎರಡನೆಯ ಹೆಸರಾದ ನನ್ನನ್ನು ಕರೆದರು. ಆರು ತಿಂಗಳ ಮೇಲೆ ನೀನು ಕಚೇರಿಗೆ ಹೋಗಿ ಆ ಲಕೋಟೆ ನೋಡಿ ಬಂದೆ. ಅದರ ಮೇಲೆ ಅಪ್ಪನ ಸಹಿ, ಅಪ್ಪನ ಮೊಹರು. ನಡುಮನೆಯಲ್ಲಿ ನಿಂತು, “ಊರೋರ್ ಕಾಗ್ದನೆಲ್ಲ ಮುಟ್ಟಿಸ್ದೋರು ಮಗಳ್ದೊಂದ ಕದ್ರಲ್ಲಪ್ಪ” ಅಂದೆ. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವ್ವ ಕಾಲು ಹಿಡಿದದ್ದಕ್ಕೆ ನೀನು ದೂರು ಕೊಡಲಿಲ್ಲ. ಆದರೆ ಅವತ್ತು ಹೋದವಳು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ.

ಮೊನ್ನೆ ಎಂಟನೇ ತಾರೀಖು ಮುಜೀಬ್ ನಿಮ್ಮ ಮನೆಗೆ ಬಂದು ಅಪ್ಪನಿಗೆ ಸೀರಿಯಸ್ ಎಂದಾಗಲೂ, “ಕಾಗ್ದ ಕದ್ದೋರ್ನ ಏನಂತ ನೋಡ್ಲಿ ಮುಜೀಬಣ್ಣ?” ಅಂದೆಯಂತೆ. ಅವನು ಅದನ್ನು ನನಗೊಬ್ಬನಿಗೇ ಹೇಳಿದ. ಅಪ್ಪನಿಗೆ, “ಬತ್ತಾರೆ ಬುಡಿ ಬುದ್ಧಿ, ಮಗೀಗೆ ಪರೀಕ್ಷೆ ಅಂತೆ” ಅಂದ. ಅಪ್ಪ ನಂಬಿದರೋ ಇಲ್ಲವೋ, ಮುಖವನ್ನು ಬಾಗಿಲ ಕಡೆಗೆ ತಿರುಗಿಸಿಕೊಂಡು ಮಲಗಿದರು.

ಅವ್ವ ಸರಿಯಾಗಿ ಉಣ್ಣುತ್ತಿಲ್ಲ. “ನನ್ ಕೂಸ್ನ ಕರ್ಸ್ಲಾ” ಎಂಬುದೊಂದೇ ಮಾತು. ನನ್ನ ಮೇಲಿನ ಸಿಟ್ಟು ಇರಲಿ. ನೀನು ಬಂದು ಆ ಸಮಾಧಿಯ ಮೇಲೆ ಒಂದು ಪತ್ರೆ ಇಟ್ಟು ಹೋಗು. ನಾನು ಎದುರಿಗೆ ಬರಬಾರದು ಎಂದರೆ ಬರುವುದಿಲ್ಲ, ಹಿತ್ತಲಲ್ಲಿ ಅಡುಗೆಯವರ ಜೊತೆ ಇರುತ್ತೇನೆ.

ಶಶಿಕುಮಾರರಿಗೆ ನಮಸ್ಕಾರ. ಮಗುವಿಗೆ ಕಾಣದ ಮಾವನ ಮುತ್ತು. ಅವ್ವ ನಿನ್ನ ತಲೆ ಸವರಿದಳೆಂದು ತಿಳಿ.

ಇಂತಿ ನಿನ್ನ ಅಣ್ಣ,
ಮೃತ್ಯುಂಜಯ

ತಾ.ಕ.: ಸೋಮವಾರ ಬೆಳಿಗ್ಗೆ. ಚೀಲ ಕಟ್ಟುವ ಹೊತ್ತು, ಮುಜೀಬ್ ಬಾಗಿಲಲ್ಲಿ ನಿಂತಿದ್ದಾನೆ. ಮೂರು ಹಾಳೆ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಆ ಕಾಗದವನ್ನು ವಾಪಸು ಕಳಿಸಿದ್ದು ಅಪ್ಪನಲ್ಲ ರಂಜಿ, ನಾನು. ಆ ವಾರ ಅಪ್ಪನಿಗೆ ಜ್ವರ, ಅವರ ಬದಲು ನಾನು ಕೂತಿದ್ದೆ. ಷರಾ ನನ್ನದು, ಅಪ್ಪನ ಸಹಿ ಹಾಕಿದ ಕೈಯೂ ನನ್ನದೇ. ನೀನು ಬೈದು ಹೋದ ಮೇಲೆ ಅಪ್ಪ ನನಗೆ, “ಬಾಯ್ ಬುಡ್ಬ್ಯಾಡ ಕಣ್ಲಾ, ಜೈಲ್ಗೆ ಓಯ್ತೀಯ” ಅಂದರು, ಅಷ್ಟೆ. ಈ ಹಾಳೆಯ ಕೆಳಗೆ ಸಹಿ ಹಾಕಿದ್ದೇನೆ, ಯಾವ ಅಧಿಕಾರಿಯ ಕೈಗಾದರೂ ಕೊಡು. ಇನ್ನೊಂದಿದೆ. ಏಳನೇ ತಾರೀಖು ಮಧ್ಯಾಹ್ನ ಗಂಜಿ ಕುಡಿಸುವಾಗ ಅಪ್ಪ ನನ್ನ ಕೈ ಹಿಡಿದು, “ಈಗ್ಲಾರ ಅವ್ಳಿಗೆ ಯೋಳ್ಬುಡ್ಲಾ, ಒಂದ್ಸಲ ನೋಡ್ಬೇಕು” ಅಂದರು. ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ. ನಾನು ಮುಜೀಬನ ಕೈಲಿ ಸೀರಿಯಸ್ ಎಂದು ಮಾತ್ರ ಹೇಳಿಸಿದೆ. ಆಮೇಲೂ ನಾಲ್ಕು ದಿನ ಅಪ್ಪ ಬದುಕಿದ್ದರು.
ಮೃತ್ಯುಂಜಯ