ಮೂಕಿಯ ದಿಬ್ಬದ ಹಲ್ಲು

ಮಾರ್ಚ್ 3, ಬೆಳಿಗ್ಗೆ

ಕ್ಲಿನಿಕ್ ತೆಗೆದೆ. ಮಗಳು ಒಳಗೆ, ನಾನು ಹೊರಗೆ. ಟೋಕನ್ ಕೊಡೋದು, ಹೆಸರು ಕೂಗೋದು, ಹೆದರಿದವರಿಗೆ ನೀರು ಕೊಡೋದು. ಹಲ್ಲಿನ ಡಾಕ್ಟರಾಗಿ ಅರ್ಧ ಆಯಸ್ಸು ಆ ಕುರ್ಚಿ ಪಕ್ಕ ನಿಂತವನು. ಬಲಗೈ ನಡುಕ ಶುರುವಾದ ಮೇಲೆ ನಾನೇ ಡ್ರಿಲ್ ಅವಳ ಕೈಗೆ ಕೊಟ್ಟೆ. ಯಾರೂ ಕೇಳಿರಲಿಲ್ಲ. ಯಾರಾದರೂ ಕೇಳೋ ತನಕ ಕಾಯೋದು ಬೇಡ ಅನ್ನಿಸಿತು.

ಹಳೇ ಪೇಷಂಟುಗಳು ಇನ್ನೂ ನನ್ನ ಮುಖ ನೋಡಿಕೊಂಡೇ "ಡಾಕ್ಟ್ರಿಲ್ವಾ?" ಅಂತಾರೆ. "ಇದ್ದಾರಲ್ಲ, ಒಳಗೆ" ಅಂತೀನಿ. ಹೇಳುವಾಗ ಎದೆ ಒಂಚೂರು ಉಬ್ಬುತ್ತೆ. ಸುಳ್ಳು ಯಾಕೆ, ಒಂಚೂರು ಚುಚ್ಚುತ್ತೆ ಕೂಡ.

ಅದೇ ದಿನ, ಸಂಜೆ

ಇವಳು, ನನ್ನ ಹೆಂಡತಿ, ಮ್ಯೂಸಿಯಂ ಕೆಲಸದಿಂದ ಬಂದವಳು ಬ್ಯಾಗ್ ಕೂಡ ಇಳಿಸದೆ ಫೋನ್ ನನ್ನ ಮೂಗಿಗೆ ಹಿಡಿದಳು. "ರೀ, ಈ ಹಲ್ಲು ನೋಡಿ."

ದವಡೆ ಹಲ್ಲು. ಮಧ್ಯೆ ತೂತು. "ಹುಳುಕು" ಅಂದೆ.

"ಸರಿಯಾಗಿ ನೋಡಿ."

"ಹುಳುಕು ಕಣೇ. ಯಾರದು? ಕರ್ಕೊಂಡು ಬಾ, ಮಗಳು ನೋಡ್ತಾಳೆ."

"ಬರೋ ಸ್ಥಿತೀಲಿಲ್ಲ. ಮೂಕಿಯದು."

ಆಗ ನಾನು ಕನ್ನಡಕ ಹುಡುಕಿದೆ.

ಮೂಕಿ ಯಾರಂತ ಇಲ್ಲಿ ಗೊತ್ತಿಲ್ಲದವರಿಲ್ಲ. ಊರಾಚೆ ಇರೋದು ಮೂಕಿಯ ದಿಬ್ಬ. ಒಬ್ಬ ಹೆಂಗಸು ರಾಜನ ಮುಂದೆ ಸುಳ್ಳುಸಾಕ್ಷಿ ಹೇಳಿದಳಂತೆ. ಹೊಟ್ಟೆಯಲ್ಲಿರೋ ಸುಳ್ಳೆಲ್ಲ ಸೋರಿಹೋಗಲಿ ಅಂತ ರಾಜ ಅವಳ ಹಲ್ಲು ಕೊರೆಸಿದನಂತೆ. ಅವತ್ತಿಂದ ಅವಳು ಬಾಯಿ ತೆರೆಯಲಿಲ್ಲವಂತೆ. ನಾವೆಲ್ಲ ಚಿಕ್ಕವರಿದ್ದಾಗ ಸುಳ್ಳು ಹೇಳಿದರೆ "ಮೂಕಿ ಹತ್ರ ಕಳಿಸ್ತೀನಿ" ಅಂತಲೇ ಗದರೋರು.

ಆಮೇಲೆ ಇವಳ ಗುರು — ಮನೇಲಿ ನಾವು ದೊಡ್ಡ ಮೇಡಂ ಅಂತೀವಿ — ಆ ದಿಬ್ಬ ಅಗೆದರು. ಸಾವಿರಾರು ವರ್ಷ ಹಳೇ ಗೋರಿ, ಒಳಗೆ ಹೆಂಗಸಿನ ಅಸ್ಥಿ, ಹಲ್ಲಲ್ಲಿ ನಿಜವಾಗಿಯೂ ತೂತು. ಕಥೆ ಕಟ್ಟುಕಥೆಯಲ್ಲ ಅಂತ ಪುಸ್ತಕ ಬರೆದರು. ದೊಡ್ಡ ಹೆಸರಾಯಿತು. ಈಗ ಮೂಕಿಗೆ ಮ್ಯೂಸಿಯಂನಲ್ಲಿ ಹೊಸ ಗಾಜಿನ ಪೆಟ್ಟಿಗೆ ಸಿದ್ಧವಾಗ್ತಿದೆ. ಅದರ ಜವಾಬ್ದಾರಿ ಇವಳದು. ಫಲಕದ ಮೇಲೆ ಏನು ಬರೀಬೇಕು ಅನ್ನೋದೂ ಇವಳದೇ.

"ನಂಗೆ ಅದು ಶಿಕ್ಷೆ ಅನ್ನಿಸ್ತಿಲ್ಲ ರೀ" ಅಂದಳು. ಅಷ್ಟು ಹೇಳಿ ಒಳಗೆ ಹೋದಳು. ಅಡುಗೆಮನೇಲಿ ಪಾತ್ರೆ ಸದ್ದು ಜಾಸ್ತಿ ಇತ್ತು.

ಮಾರ್ಚ್ 6

ಇವಳ ಜೊತೆ ಮ್ಯೂಸಿಯಂಗೆ ಹೋದೆ. ಹಿಂದಿನ ಕೋಣೆ. ಟ್ಯೂಬ್‌ಲೈಟ್, ಉದ್ದ ಮೇಜು, ಹತ್ತಿಯ ಮೇಲೆ ಮೂಕಿಯ ಕೆಳದವಡೆ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ.

ಹುಳುಕಲ್ಲ. ಹುಳುಕಾಗಿದ್ದರೆ ಗೋಡೆ ಸೊಟ್ಟಪಟ್ಟ ಇರಬೇಕು. ಇದು ದುಂಡಗೆ, ಒಳಗೆ ಸುತ್ತಲೂ ಸಣ್ಣ ಸಣ್ಣ ಗೆರೆ. ಯಾರೋ ಏನನ್ನೋ ತಿರುಗಿಸಿ ಕೊರೆದಿದ್ದಾರೆ. ತಳದಲ್ಲಿ ಹುಳುಕಿನ ಒಂದು ಕಲೆ ಉಳಿದಿದೆ, ಅಂದರೆ ಮೊದಲು ಹುಳುಕಿತ್ತು. ಅದನ್ನೇ ಗುರಿಯಿಟ್ಟು ತೆಗೆದಿದ್ದಾರೆ.

"ಅಂಚು ನೋಡಿ" ಅಂದಳು ಇವಳು.

ಅಂಚು ನುಣುಪು. ಸವೆದು ಸವೆದು ನುಣುಪಾಗಿದೆ. ಕೊರೆದ ಮೇಲೆ ಇವಳು... ಮೂಕಿ... ವರ್ಷಗಟ್ಟಲೆ ಅದೇ ಹಲ್ಲಲ್ಲಿ ಅಗಿದಿದ್ದಾಳೆ.

ಮೊನ್ನೆಯೇ ಇಷ್ಟೂ ಕಂಡಿತ್ತು ಇವಳಿಗೆ. ನನ್ನ ಬಾಯಿಂದ ಬರಲಿ ಅಂತ ಕಾದಿದ್ದಾಳೆ. ಮೈಕ್ರೋಸ್ಕೋಪಿಂದ ತಲೆ ಎತ್ತಿದಾಗ ಪರೀಕ್ಷೆ ಹಾಲಿನ ಮೇಷ್ಟ್ರ ಹಾಗೆ ಕೈಕಟ್ಟಿ ನಿಂತಿದ್ದಳು.

"ಪಾಸಾ?" ಅಂದೆ.

"ಸೆಕೆಂಡ್ ಕ್ಲಾಸ್. ಮೊದಲ ಸಲ ಹುಳುಕು ಅಂದ್ರಲ್ಲ."

ಮಾರ್ಚ್ 9, ಭಾನುವಾರ

ಕ್ಲಿನಿಕ್ ರಜ. ಮೂವರೂ ಅಲ್ಲೇ.

ಕಲ್ಲಿನ ಮೊನೆಯಿಂದ ಹಲ್ಲು ಕೊರೆಯೋಕಾಗುತ್ತಾ ಅಂತ ನೋಡಬೇಕಿತ್ತು. ಚಕಮಕಿ ಕಲ್ಲು ಕುಟ್ಟಿ ಸೂಜಿಯಷ್ಟು ಮೊನೆ ಮಾಡಿದ್ದು ಇವಳು. ಅದನ್ನು ಕಡ್ಡಿಗೆ ಕಟ್ಟಿದೆವು. ಬಿಲ್ಲಿಗೆ ಮರದ ಹ್ಯಾಂಗರ್, ದಾರಕ್ಕೆ ನನ್ನ ಶೂ ಲೇಸ್. ದಾರವನ್ನು ಕಡ್ಡಿಗೆ ಸುತ್ತಿ ಬಿಲ್ಲು ಹಿಂದೆ ಮುಂದೆ ಎಳೆದರೆ ಕಡ್ಡಿ ಗಿರಗಿರ ತಿರುಗುತ್ತೆ. ಕಿತ್ತಿಟ್ಟಿದ್ದ ಹುಳುಕು ಹಲ್ಲೊಂದನ್ನು ಪ್ಲಾಸ್ಟರಿನ ದವಡೆಯಲ್ಲಿ ಕೂರಿಸಿದ್ದು ಮಗಳು.

ಮೊದಲು ನಾನೇ ಬಿಲ್ಲು ಹಿಡಿದೆ. ಮೊನೆ ಹಲ್ಲಿನ ಮೇಲೆ ಜಾರಿತು. ಮತ್ತೆ ಇಟ್ಟೆ. ಮತ್ತೆ ಜಾರಿತು. ಕೈ ತನ್ನ ಪಾಡಿಗೆ ತಾನು ಕುಣೀತಿತ್ತು. ಇಬ್ಬರೂ ಗೋಡೆ ಕಡೆ ನೋಡ್ತಿದ್ದರು, ಅದು ಇನ್ನೂ ಕಷ್ಟ. ಬಿಲ್ಲನ್ನು ಮಗಳ ಮುಂದಿಟ್ಟೆ.

ಅವಳು ಎಳೆದಳು. ಮೊನೆ ಕಚ್ಚಿತು, ಆದರೆ ಇಡೀ ದವಡೆ ಮೇಜಿನ ಮೇಲೆ ಕುಪ್ಪಳಿಸಿತು. "ಅಪ್ಪ, ಹಿಡ್ಕೋ."

ಎರಡೂ ಅಂಗೈಯಿಂದ ಹಿಡಿದು ಎದೆಗೆ ಒತ್ತಿಕೊಂಡೆ. ಕೈ ನಡುಗಿತು, ದವಡೆ ಅಲುಗಲಿಲ್ಲ. ಬಿಲ್ಲು ಹೋಗಿ ಬಂದು ಹೋಗಿ ಬಂದು... ಬಿಳಿ ಪುಡಿ ಉದುರಿತು. ಸುಟ್ಟ ವಾಸನೆ. ನನ್ನ ಕ್ಲಿನಿಕ್ಕಿನದೇ ವಾಸನೆ. ನಾವು ಅಂದುಕೊಂಡಿದ್ದಕ್ಕಿಂತ ಬೇಗ ತೂತಾಯಿತು. ದುಂಡಗೆ. ಸುತ್ತ ಗೆರೆ, ಮೂಕಿಯ ಹಲ್ಲಿನ ಹಾಗೇ.

ಇವಳು ನಮ್ಮಿಬ್ಬರ ಕೈಗಳನ್ನೇ ನೋಡ್ತಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಇದು ಒಬ್ಬರ ಕೆಲಸ ಅಲ್ಲ. ಒಂದು ಕೈ ಬಿಲ್ಲಿಗೆ, ಒಂದು ಕೈ ಕಡ್ಡಿ ತಲೆಗೆ. ಅವಳ ತಲೆ ಹಿಡ್ಕೊಳ್ಳೋಕೆ ಇನ್ನೊಬ್ಬರು ಇದ್ದೇ ಇದ್ದರು."

"ಶಿಕ್ಷೆ ಕೊಡೋಕೂ ಹಿಡ್ಕೊಂಡಿರಬಹುದಲ್ಲಮ್ಮ?" ಅಂದಳು ಮಗಳು.

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. "ಶಿಕ್ಷೆ ಕೊಡೋನು ನರಕ್ಕೆ ಮುಟ್ಟಿಸ್ತಾನೆ. ಇವನು ನರ ಇನ್ನೊಂದು ಕೂದಲೆಳೆ ದೂರ ಇದೆ ಅನ್ನುವಾಗ ನಿಲ್ಲಿಸಿದ್ದಾನೆ. ಅಳತೆ ಗೊತ್ತಿದ್ದವನು."

"ಇವನು ಅಂತ ಯಾಕಪ್ಪ?" ಕೈಯಲ್ಲಿ ಬಿಲ್ಲು ಹಿಡಿದೇ ಕೇಳಿದಳು.

ಸರಿ. ಅಳತೆ ಗೊತ್ತಿದ್ದವಳು.

ಮಾರ್ಚ್ 22

ತೂತಿನ ತಳ ಕೆರೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟ್ ಬಂತು. ಜೇನುಮೇಣ. ಕೊರೆದು, ಮೇಣ ತುಂಬಿದ್ದಾರೆ. ಫಿಲ್ಲಿಂಗ್. ಓದಿ ಕುರ್ಚಿಯಿಂದ ಎದ್ದುಬಿಟ್ಟೆ, ಯಾಕೆ ಅಂತ ಗೊತ್ತಿಲ್ಲ. ನಮ್ಮ ಕಸುಬಿನ ಹಿರಿಯರು ಯಾರೋ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು.

ಇವಳ ಮುಖದಲ್ಲಿ ಮಾತ್ರ ಖುಷಿ ಇಲ್ಲ. "ಮೇಡಂ ಎದುರಿಗೇ ಹೇಳಬೇಕು. ಕೆಲಸ ಕಲಿಸಿದ್ದು ಅವರು. ಮ್ಯೂಸಿಯಂಗೆ ಸೇರಿಸಿದ್ದೂ ಅವರೇ."

"ಹೇಳದೇ ಇದ್ರೆ?"

"ಆ ಹೆಂಗಸು ಇನ್ನೂ ಸುಳ್ಳಿಯಾಗೇ ಇರ್ತಾಳೆ."

ಏಪ್ರಿಲ್ 4

ಇಷ್ಟು ದಿನ ಬರೆಯಲಿಲ್ಲ. ಇವಳು ಭಾಷಣ ಬರೆಯೋದು, ಹರಿದು ಮತ್ತೆ ಬರೆಯೋದು, ಇದೇ ಆಯಿತು.

ಇವತ್ತು ಮ್ಯೂಸಿಯಂನಲ್ಲಿ ಸಭೆ. ಹಾಲ್ ತುಂಬಿತ್ತು. ಮೊದಲ ಸಾಲಿನಲ್ಲಿ ದೊಡ್ಡ ಮೇಡಂ, ಮಡಿಲಲ್ಲಿ ಊರುಗೋಲು. ನಾನೂ ಮಗಳೂ ಕೊನೇ ಸಾಲು. ಇವಳು ವೇದಿಕೆ ಹತ್ತಿದಳು. ಮೊದಲೆರಡು ಮಾತು ಚೀಟಿ ನೋಡಿಕೊಂಡೇ ಓದಿದಳು. ಆಮೇಲೆ ಹಲ್ಲಿನ ಫೋಟೊ ಪರದೆ ಮೇಲೆ ಬಂತು ನೋಡಿ... ಅಲ್ಲಿಂದ ಇವಳನ್ನು ಹಿಡಿಯೋರಿಲ್ಲ. ಗೆರೆ, ಅಂಚು, ನರ, ಮೇಣ. ಒಂದೊಂದಾಗಿ ಇಟ್ಟಳು, ಸದ್ದಿಲ್ಲದೆ, ಇಸ್ತ್ರಿ ಮಾಡಿದ ಬಟ್ಟೆ ಜೋಡಿಸಿದ ಹಾಗೆ. ಮೇಡಂ ಪುಸ್ತಕದ ಬಗ್ಗೆ ಒಂದು ಕೊಂಕು ಇಲ್ಲ.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮೇಡಂ ಕಡೆ ನೋಡಿದರು.

ಅವರು ಎದ್ದು ನಿಲ್ಲೋಕೇ ಸುಮಾರು ಹೊತ್ತಾಯಿತು. "ಹಾಗಾದ್ರೆ ಊರಿನವರ ಕಥೆ ಎಲ್ಲಿಂದ ಬಂತಮ್ಮ?"

"ಗೋರಿ ಹಿಂದೆ ಒಮ್ಮೆ ತೆರೆದಿತ್ತು ಅಂತ ನೀವೇ ಬರೆದಿದ್ದೀರಿ ಮೇಡಂ. ಅವತ್ತು ಯಾರೋ ಈ ತೂತು ನೋಡಿರಬೇಕು. ಯಾಕಿದೆ ಅಂತ ತಿಳಿಯದೆ ಒಂದು ಕಥೆ ಕಟ್ಟಿರಬೇಕು. ಇದು ನನ್ನ ಊಹೆ, ಅಷ್ಟೇ."

ಮೇಡಂ ತಲೆಯಾಡಿಸಿದರು. "ನಾನು ಕಥೆ ಕೇಳಿಕೊಂಡು ಹೋಗಿ ಹಲ್ಲು ನೋಡಿದೆ. ನೀನು ಹಲ್ಲು ನೋಡಿ ಕಥೆ ಕೇಳಿದೀಯ." ಪಕ್ಕದಲ್ಲಿದ್ದವರ ಕಡೆ ತಿರುಗಿ ಎಲ್ಲರಿಗೂ ಕೇಳೋ ಹಾಗೆ: "ನಮ್ಮ ಹುಡುಗಿ. ನಾನೇ ಕಲಿಸಿದ್ದು."

ಆಮೇಲೆ ಚಪ್ಪಾಳೆ. ನಮ್ಮ ಹುಡುಗಿಗೆ ತಲೆ ಪೂರ್ತಿ ನರೆತಿದೆ. ಆ ಮಾತಿಗೆ ಕಣ್ಣು ಒರೆಸಿಕೊಂಡಳು.

ಹೊರಗೆ ಮೇಡಂ ನನ್ನ ಹಿಡಿದರು. "ಇವಳಿಗೆ ಹಲ್ಲಿನ ವಿಷಯ ನೀವು ಹೇಳಿಕೊಟ್ಟಿದ್ದಾ?"

"ಇಲ್ಲ ಮೇಡಂ. ನಾನು ಹುಳುಕು ಅಂದಿದ್ದೆ."

ಮನೆ ಸೇರೋ ತನಕ ಸ್ಟೀರಿಂಗ್ ಮಗಳ ಕೈಯಲ್ಲಿ. ಹಿಂದಿನ ಸೀಟಿನಲ್ಲಿ ಇವಳು ನನ್ನ ಭುಜಕ್ಕೆ ಒರಗಿ ನಿದ್ದೆ. ಬಲಗೈ ಅವಳ ಕೈಮೇಲೆ ಇಟ್ಟಿದ್ದೆ. ನಡುಗಿಕೊಂಡಿರಲಿ ಬಿಡು ಅನ್ನಿಸಿತು.

ಏಪ್ರಿಲ್ 28

ಹೊಸ ಪೆಟ್ಟಿಗೆ ನಿನ್ನೆ ಜನರ ನೋಟಕ್ಕೆ ತೆರೆದರು. ಫಲಕದಲ್ಲಿ ಇವಳು ಬರೆದದ್ದು ಇಷ್ಟು: "ಈಕೆಗೆ ಹಲ್ಲುನೋವಿತ್ತು. ಇಬ್ಬರು ಸೇರಿ ವಾಸಿ ಮಾಡಿದರು. ಆಮೇಲೆ ಬಹಳ ಕಾಲ ಬದುಕಿದಳು." ಇನ್ನೂ ಹೆಚ್ಚು ಜನ ಇದ್ದಿರಬಹುದಲ್ಲ, "ಕನಿಷ್ಠ ಇಬ್ಬರು" ಅಂತ ತಿದ್ದಬೇಕಂತೆ. ತಿದ್ದಲಿ.

ದಿಬ್ಬದ ಹತ್ತಿರದ ಮನೆಗಳವರೆಲ್ಲ ಬಂದಿದ್ದರು. ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಫಲಕ ಓದಿಸಿದರು. ಮತ್ತೊಮ್ಮೆ ಓದಿಸಿದರು. "ಸುಳ್ಳಿ ಅಲ್ವಂತಾ?"

"ಅಲ್ಲ ಅಜ್ಜಿ" ಅಂದೆ, ಪಕ್ಕದಲ್ಲೇ ಇದ್ದೆ.

"ಪಾಪ. ಎಷ್ಟು ಬೈದಿದ್ದೀವಿ." ಗಾಜಿನ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹಲ್ಲು ಡಾಕ್ಟ್ರಂತೆ?"

ಮಗಳ ಹೆಸರು ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯೇ ಅಷ್ಟು ಜನರ ಮಧ್ಯೆ ಆ ಅಂತ ಬಾಯಿ ತೆರೆದು ನಿಂತುಬಿಟ್ಟರು. ಇವಳು ಫೋನಿನ ಟಾರ್ಚ್ ಹಾಕಿದಳು. ಕೆಳಗೆ, ಎಡಗಡೆ, ಒಂದು ಹುಳುಕು ಹಲ್ಲು. ಉಳಿಸಬಹುದು. ಇಷ್ಟು ವರ್ಷ ಹೆದರಿಕೊಂಡು ಯಾರಿಗೂ ತೋರಿಸಿಲ್ಲವಂತೆ.

ಇವತ್ತು ಬರ್ತೀನಿ ಅಂದಿದ್ದಾರೆ. ಒಂದೇ ಷರತ್ತು, ಕೊರೆಯುವಾಗ ಹತ್ತಿರದಲ್ಲಿ ನಾನಿರಬೇಕು. ಮಗಳಿಗೆ ಹೇಳಿದರೆ, "ಇರು ಮತ್ತೆ, ಅಲ್ಲೇನು ಟೋಕನ್ ಓಡಿಹೋಗುತ್ತಾ" ಅಂದಳು. ಬೆಳಿಗ್ಗೆಯೇ ನನ್ನ ಹಳೇ ಬಿಳಿ ಕೋಟು ಒಗೆದು ಒಣಗಿಸಿಟ್ಟಿದ್ದಾಳೆ. ಆಟೊ ನಿಂತ ಸದ್ದು. ಅಜ್ಜಿಯ ಮೊಮ್ಮಗಳ ದನಿಯೂ ಕೇಳ್ತಿದೆ. ಕೋಟಿನ ಗುಂಡಿ ಹಾಕಿಕೊಳ್ಳೋಕೆ ನಂಗೆ ಸ್ವಲ್ಪ ಹೊತ್ತು ಬೇಕು, ಈಗಲೇ ಏಳಬೇಕು.